ಕಡ್ಡಿಗೆ ಬೇರು ಬರುವ ಬಗೆ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ಕುಡಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಗಿಡದ ತುದಿಯಲ್ಲಿ ಹೊಸದಾಗಿ ಒಡೆದ ಎಳೆಯ ಭಾಗ ಕುಡಿ. ಮನೆತನವನ್ನು ಮುಂದುವರಿಸುವ ಮಗುವೂ ಕುಡಿಯೇ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕನ್ನಡ ಪಾಠ ಹೇಳಿದ ನಾನು ಈ ಎರಡು ಅರ್ಥಗಳನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಅವೆರಡೂ ಒಂದೇ ಆಗುವ ಎಡೆಯೊಂದಿದೆ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಅದೂ ಒಂದು ಮಲ್ಲಿಗೆಯ ಗಿಡದಿಂದ.

ಗ್ರೀಕರ ಭಾಷೆಯಲ್ಲಿಯೂ ಇಂಥದೊಂದು ಶಬ್ದವಿದೆ. 1903ರಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಹರ್ಬರ್ಟ್ ವೆಬ್ಬರ್ ಎಂಬ ವಿಜ್ಞಾನಿಗೆ, ಬೀಜದಿಂದಲ್ಲದೆ ಕಡ್ಡಿ, ಗೆಡ್ಡೆ, ಕಸಿಗಳಿಂದ ಬೆಳೆಸಿದ ಗಿಡಗಳ ಸಮುದಾಯಕ್ಕೆ ಒಂದು ಹೆಸರು ಬೇಕಾಯಿತು. ಅವರು ರೆಂಬೆ ಎಂಬ ಅರ್ಥದ ಗ್ರೀಕ್ ಶಬ್ದವನ್ನು ಆರಿಸಿಕೊಂಡರು. ಅದೇ ಇಂದಿನ ‘ಕ್ಲೋನ್’. ಆ ಮಾತು ಕಿವಿಗೆ ಬಿದ್ದೊಡನೆ ನಮಗೆ ಪ್ರಯೋಗಶಾಲೆಯೂ 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯೂ ನೆನಪಾಗುತ್ತವೆ. ಆದರೆ ಹಿತ್ತಿಲಿನಲ್ಲಿ ದಾಸವಾಳದ ಕಡ್ಡಿ ಚುಚ್ಚಿ ಗಿಡ ಮಾಡಿದ ಪ್ರತಿಯೊಬ್ಬ ಗೃಹಿಣಿಯೂ ಆ ಕೆಲಸವನ್ನು ಎಂದೋ ಮಾಡಿ ಮುಗಿಸಿದ್ದಾಳೆ. ಕಬ್ಬು, ವೀಳ್ಯದೆಲೆ, ಕರಿಮೆಣಸು ಎಲ್ಲವೂ ನಮ್ಮಲ್ಲಿ ಹೀಗೆ ತುಂಡಿನಿಂದ ತುಂಡಾಗಿ ಬಂದವೇ.

ಮಲ್ಲಿಗೆಯ ಹೂವನ್ನು ನೋಡದವರಿಲ್ಲ. ಅದರ ಬೀಜವನ್ನು ನೋಡಿದವರು ಎಷ್ಟು ಮಂದಿ? ನಾವು ಮುಡಿಯುವ ದುಂಡುಮಲ್ಲಿಗೆಯ ಜಾತಿ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಆದುದರಿಂದ ಪ್ರತಿಯೊಂದು ಗಿಡವೂ ಮತ್ತೊಂದು ಗಿಡದ ತುಂಡು. ಆ ಮತ್ತೊಂದು ಇನ್ನೊಂದರ ತುಂಡು. ನಡುವೆ ಒಬ್ಬರು ಕಡ್ಡಿ ಕೊಯ್ದು ನೆಡದೆ ಹೋದರೆ ಆ ಸಾಲು ಅಲ್ಲಿಗೆ ಮುಗಿಯಿತು. ಬೀಜದಿಂದ ಹುಟ್ಟಿದ ಗಿಡ ತಾಯಿಯ ಮಗು. ತಂದೆಯ ಗುಣವೂ ಅದರಲ್ಲಿ ಬೆರೆತಿರುತ್ತದೆ. ಕಡ್ಡಿಯಿಂದ ಬಂದ ಗಿಡ ತಾಯಿಯ ಮಗುವಲ್ಲ, ತಾಯಿಯೇ.

ನನ್ನ ತಾಯಿ 1955ರಲ್ಲಿ ಮದುವೆಯಾಗಿ ಮೈಸೂರಿಗೆ ಬಂದಾಗ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದ ಮಲ್ಲಿಗೆಯ ಕಡ್ಡಿ ನಮ್ಮ ಮನೆಯ ಬಾವಿಯ ಪಕ್ಕದಲ್ಲಿ ಪೊದೆಯಾಗಿ ಬೆಳೆದಿತ್ತು. ಆಕೆ ತೀರಿಕೊಂಡ ಮೇಲೂ ಅದು ಹೂ ಬಿಡುತ್ತಿತ್ತು. ಕೆಲವು ವರ್ಷಗಳ ಹಿಂದೆ ಮನೆ ಪಾಲಾಯಿತು. ಪಾಲಿನ ಮಾತಿನಲ್ಲಿ ನಾನೂ ನನ್ನ ತಮ್ಮನೂ ಆಡಬಾರದ್ದನ್ನು ಆಡಿಕೊಂಡೆವು. ಕೊನೆಗೆ ಮನೆಯನ್ನೇ ಮಾರಿದೆವು. ಕೊಂಡವರು ಮೂರು ತಿಂಗಳಲ್ಲಿ ಕಟ್ಟಡವನ್ನು ಕೆಡವುವವರಿದ್ದರು. ಹಳೆಯ ಪೊದೆಯನ್ನು ಬುಡಸಹಿತ ಕೀಳುವುದು ಆಗದ ಮಾತು. ಉಳಿದದ್ದು ಕಡ್ಡಿಯ ದಾರಿಯೊಂದೇ.

ಮೊದಲ ಸಲ ಹನ್ನೆರಡು ಕಡ್ಡಿಗಳನ್ನು ಕೊಯ್ದು ತಂದು, ಗೊಬ್ಬರ ಬೆರೆಸಿದ ತೋಟದ ಮಣ್ಣಿನಲ್ಲಿ ನೆಟ್ಟು, ದಿನಕ್ಕೆರಡು ಬಾರಿ ನೀರೆರೆದೆ. ಹದಿನೈದು ದಿನಗಳಲ್ಲಿ ಬುಡಗಳೆಲ್ಲ ಕಪ್ಪಾಗಿ ಕೊಳೆತವು. ನಮ್ಮ ಬೀದಿಯ ತೋಟಗಳಲ್ಲಿ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಕುಂಡವನ್ನು ಬಗ್ಗಿ ನೋಡಿ, “ಮೇಷ್ಟ್ರೇ, ಇದಕ್ಕೆ ಇನ್ನೂ ಬಾಯೇ ಬಂದಿಲ್ಲ. ನೀವು ಹೀಗೆ ಕುಡಿಸ್ತಾ ಹೋದ್ರೆ ಮುಳುಗಿ ಸಾಯ್ತದೆ” ಎಂದರು. ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವಿದೆ ಎಂಬುದು ನನಗೆ ಅರ್ಥವಾದದ್ದು ಆಮೇಲೆ.

ಕೊಯ್ದ ಕಡ್ಡಿಯ ಸ್ಥಿತಿಯನ್ನು ಯೋಚಿಸೋಣ. ಅದರ ಎಲೆಗಳ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೋದುದನ್ನು ತುಂಬಿಕೊಡುವ ಬೇರಿಲ್ಲ. ಕೊಯ್ದ ತುದಿಯಿಂದ ಏರುವ ಅಲ್ಪ ನೀರು ಸಾಲದು. ಹಾಗೆಂದು ಬುಡಕ್ಕೆ ನೀರು ಸುರಿದರೆ ಮಣ್ಣಿನ ಕಣಗಳ ನಡುವಿನ ಗಾಳಿ ಹೊರಟುಹೋಗುತ್ತದೆ. ಗಾಳಿಯಿಲ್ಲದೆ ಗಾಯ ಮಾಯುವುದಿಲ್ಲ. ಕೊಳೆಸುವ ಶಿಲೀಂಧ್ರಗಳಿಗೆ ಮಾತ್ರ ಹಬ್ಬ. ಆದುದರಿಂದ ಕಡ್ಡಿಗೆ ತೇವ ಬೇಕಾದುದು ಮುಖ್ಯವಾಗಿ ಎಲೆಯ ಸುತ್ತಣ ಗಾಳಿಯಲ್ಲಿ. ಬುಡದಲ್ಲಿ ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸಾಕು.

ಇನ್ನು ಬೇರು ಹೇಗೆ ಬರುತ್ತದೆ? ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್, ಎಳೆಯ ಸಸಿಯ ತುದಿಯಿಂದ ಯಾವುದೋ ಪ್ರಭಾವವೊಂದು ಕೆಳಕ್ಕೆ ಹರಿದುಬರುತ್ತದೆ ಎಂದು 1880ರಲ್ಲಿ ಬರೆದರು. ಆ ಪ್ರಭಾವವನ್ನು ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ತರುಣ ಓಟ್ಸ್ ಸಸಿಯ ತುದಿಗಳಿಂದ ಬೇರ್ಪಡಿಸಿ, ಅದೊಂದು ವಸ್ತುವೆಂದು 1928ರಲ್ಲಿ ತೋರಿಸಿಕೊಟ್ಟರು. ಆ ವಸ್ತುವೇ ಆಕ್ಸಿನ್. ಚಿಗುರಿನಲ್ಲಿಯೂ ಎಳೆಯ ಎಲೆಗಳಲ್ಲಿಯೂ ಹುಟ್ಟಿ ಅದು ಕಾಂಡದುದ್ದಕ್ಕೂ ಬುಡದತ್ತ ಸಾಗುತ್ತದೆ. ಕಡ್ಡಿಯನ್ನು ಕೊಯ್ದಾಗ ಮುಂದೆ ಹೋಗಲು ದಾರಿಯಿಲ್ಲದೆ ಗಾಯದ ಬಳಿ ಶೇಖರವಾಗುತ್ತದೆ. ಆಗ ಕಾಂಡದೊಳಗಿನ ನಾಳಗಳ ಬಳಿಯ ಕೆಲವು ಜೀವಕೋಶಗಳು ತಮ್ಮ ಹಳೆಯ ಕಸುಬನ್ನು ಬಿಟ್ಟು ಬೇರಿನ ಮೊಳಕೆಗಳಾಗಿ ಮಾರ್ಪಡುತ್ತವೆ. ರೆಂಬೆಯಾಗಿದ್ದುದು ತನ್ನ ಕೊರತೆಯನ್ನು ಅರಿತು ಬೇರಾಗುವುದು ಸಸ್ಯಲೋಕದ ದೊಡ್ಡ ಸೋಜಿಗ.

ಈ ಹರಿವಿಗೆ ದಿಕ್ಕುಂಟು. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಅದು ಬೇರೂರುವುದು ಕಷ್ಟ. ಎಲೆ ಕಿತ್ತ ಕಡ್ಡಿಯಲ್ಲಿ ಮೇಲು ಕೆಳಗು ತಿಳಿಯದೆ ಹೋಗುವುದುಂಟು. ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕೊಯ್ದರೆ ಈ ಗೊಂದಲವಿರದು.

ನನ್ನ ಎರಡನೆಯ ಪ್ರಯತ್ನವೂ ಸೋತಿತು. ಗಾಳಿಯಲ್ಲಿ ತೇವ ಬೇಕೆಂದು ಕುಂಡಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ, ಬೆಳಕೂ ಬೇಕೆಂದು ಬಿಸಿಲಿನಲ್ಲಿಟ್ಟೆ. ಒಳಗೆ ಕಾವೇರಿ ಕೆಲವು ಕಡ್ಡಿಗಳು ಬೆಂದೇ ಹೋದವು. ಉಳಿದವುಗಳಲ್ಲಿ ಎರಡು ವಾರಕ್ಕೆ ಹಸಿರು ಚಿಗುರು ಕಂಡಿತು. ನಾನು ಹಿಗ್ಗಿದೆ, ತಂಗಿಗೆ ಫೋನು ಮಾಡಿಯೂ ಹೇಳಿದೆ. ಮತ್ತೆ ಹತ್ತು ದಿನಗಳಲ್ಲಿ ಚಿಗುರು ಬಾಡಿತು. ಕಿತ್ತು ನೋಡಿದರೆ ಒಂದು ಬೇರೂ ಇರಲಿಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಚಿಗುರು ಹೊರಟಿತ್ತು; ಗಂಟು ಕರಗಿದ ಮೇಲೆ ಆದಾಯವಿಲ್ಲ. ಚಿಗುರು ಕಂಡಿತೆಂದು ಬೇರು ಬಂದಿತೆಂದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲರೂ ಮೋಸಹೋಗುವ ಎಡೆ.

ಆ ಹೊತ್ತಿಗೆ ಮನೆ ಬಿಟ್ಟುಕೊಡಲು ನಾಲ್ಕು ವಾರ ಉಳಿದಿತ್ತು. ಮೂರನೆಯ ಸಲ ಆ ಹಿರಿಯರನ್ನೇ ಕರೆದುಕೊಂಡು ಹೋದೆ. ಜೂನ್ ತಿಂಗಳು, ಮೋಡ ಕವಿದ ಬೆಳಗು. ಅವರು ಮಾಡಿದುದನ್ನು, ಅದರ ಕಾರಣಗಳೊಡನೆ, ಇಲ್ಲಿ ಹೇಳುತ್ತೇನೆ.

ಮೊದಲು ತಾಯಿಗಿಡದಲ್ಲಿ ಹುಳುವಿಲ್ಲದ, ಎಲೆ ಮುರುಟದ ರೆಂಬೆಗಳನ್ನು ಹುಡುಕಿದರು. ತಾಯಿಯ ರೋಗ ಕಡ್ಡಿಯೊಡನೆಯೇ ಬರುತ್ತದೆ. ತೀರ ಎಳೆಯ ರೆಂಬೆ ಬೇಗ ಕೊಳೆಯುತ್ತದೆ, ತೀರ ಬಲಿತದ್ದು ಬೇರು ಬಿಡಲು ಸೋಮಾರಿ. ಹಸಿರು ಮಾಸಿ ಗಟ್ಟಿಯಾಗತೊಡಗಿದ, ಬಾಗಿಸಿದರೆ ತುಸು ಬಾಗುವ ನಡುವಯಸ್ಸಿನದು ಒಳ್ಳೆಯದು. ಸುಮಾರು 15 ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಗೆಣ್ಣುಗಳಿರುವಂತೆ, ಕೆಳಗಿನ ಗೆಣ್ಣಿನ ಕೆಳಕ್ಕೇ ಕೊಯ್ದರು. ಬ್ಲೇಡು ಹೊಸದು, ಅದನ್ನೂ ಸ್ಪಿರಿಟ್‌ನಿಂದ ಒರೆಸಿದ್ದರು. ಮೊಂಡು ಕತ್ತರಿ ಕಾಂಡವನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆ ಕೊಳೆ ಮೊದಲಾಗುತ್ತದೆ.

ಕೆಳಗಿನ ಎಲೆಗಳನ್ನೆಲ್ಲ ತೆಗೆದರು. ಮೇಲಿನ ಎರಡನ್ನು ಉಳಿಸಿ ಅವನ್ನೂ ಅರ್ಧಕ್ಕೆ ಕತ್ತರಿಸಿದರು. ಎಲೆ ಹೆಚ್ಚಿದ್ದರೆ ನೀರು ನಷ್ಟ. ಎಲೆಯೇ ಇಲ್ಲದಿದ್ದರೆ ಆಹಾರಕ್ಕೂ ಆಕ್ಸಿನ್ನಿಗೂ ಕೊರತೆ. ತುದಿಯ ಮೊಗ್ಗುಗಳನ್ನು ಚಿವುಟಿದಾಗ ನನ್ನ ಮನಸ್ಸು ನೊಂದಿತು. “ಹೂವು ಬೇಕೋ ಗಿಡ ಬೇಕೋ ಹೇಳಿ, ಮೇಷ್ಟ್ರೇ” ಎಂದರು.

ನರ್ಸರಿಗಳಲ್ಲಿ ಬೇರಿನ ಪುಡಿ ಎಂದು ದೊರೆಯುವುದರಲ್ಲಿ ಸಾಮಾನ್ಯವಾಗಿ ಇರುವುದು ಇಂಡೋಲ್ ಬ್ಯುಟೈರಿಕ್ ಆಮ್ಲ. ಆಕ್ಸಿನ್ನಿನ ಈ ಬಂಧು ಬೇರು ಬರಿಸಬಲ್ಲುದೆಂದು 1935ರಲ್ಲಿ ಅಮೆರಿಕದಲ್ಲಿ ಕಂಡುಕೊಂಡರು. ಚಿಟಿಕೆ ಪುಡಿಯನ್ನು ಕಾಗದದ ಮೇಲೆ ಹಾಕಿಕೊಂಡು ಬುಡವನ್ನು ಅದರಲ್ಲಿ ಒತ್ತಿ, ಹೆಚ್ಚಾದುದನ್ನು ಕೊಡವಿದರು. ಅತಿಯಾದರೆ ಅದೇ ಪುಡಿ ಬುಡವನ್ನು ಸುಡುತ್ತದೆ. ಕಡ್ಡಿಯನ್ನು ಡಬ್ಬಿಗೇ ಅದ್ದಿದರೆ ತೇವ ತಗುಲಿ ಇಡೀ ಡಬ್ಬಿ ಕೆಡುತ್ತದೆ.

ತೊಳೆದ ಮರಳು, ತೆಂಗಿನ ನಾರಿನ ಪುಡಿ ಇವೆರಡನ್ನು ಸಮನಾಗಿ ಬೆರೆಸಿ ಕುಂಡಕ್ಕೆ ತುಂಬಿದರು. ಗೊಬ್ಬರ ಬೇಡವೇ ಎಂದು ಕೇಳಿದೆ. ಬೇರಿಲ್ಲದವನಿಗೆ ಊಟವೇಕೆ? ಗೊಬ್ಬರದಿಂದ ಆಗ ಬೆಳೆಯುವುದು ಕೊಳೆ ಮಾತ್ರ. ಕಡ್ಡಿಯಿಂದಲೇ ಕುತ್ತಿದರೆ ಪುಡಿ ಒರೆಸಿಹೋಗುತ್ತದೆಂದು, ಪೆನ್ಸಿಲಿನಿಂದ ಗುಳಿ ಮಾಡಿ ಎರಡು ಗೆಣ್ಣು ಒಳಗಿರುವಂತೆ ಊರಿ ಸುತ್ತ ಒತ್ತಿದರು. ಚೀಲ ಹೊದಿಸಿ, ಬೆಳಕಿರುವ ಆದರೆ ಬಿಸಿಲು ತಾಗದ ಜಗಲಿಯಲ್ಲಿ ಇಟ್ಟೆವು. ದಿನಕ್ಕೊಮ್ಮೆ ಚೀಲ ತೆಗೆದು ಗಾಳಿಯಾಡಿಸುವುದು, ಉದುರಿದ ಎಲೆಯನ್ನು ಆಯ್ದು ಹಾಕುವುದು, ಮೇಲ್ಭಾಗ ಒಣಗಿದರೆ ನೀರು ಚಿಮುಕಿಸುವುದು ಇಷ್ಟೇ ನನ್ನ ಕೆಲಸ.

ಉಳಿದ ಒಂದು ಕೆಲಸ ಎಲ್ಲಕ್ಕಿಂತ ಕಷ್ಟವಾದದ್ದು: ಕಿತ್ತು ನೋಡದಿರುವುದು. ಮೊದಲು ಮೂಡುವ ಬೇರು ನೂಲಿನಷ್ಟು ಸಣ್ಣದು, ಗಾಜಿನಷ್ಟು ಭಿದುರ. ನಮ್ಮ ಕುತೂಹಲದ ಒಂದು ಎಳೆತಕ್ಕೆ ಅದು ಮುರಿಯುತ್ತದೆ. ಮಲ್ಲಿಗೆಗೆ ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಮನೆಯ ಬೀಗದ ಕೈ ಕೊಟ್ಟಾಗಿತ್ತು. ಬಾವಿಯನ್ನು ಮುಚ್ಚಿದರೆಂದೂ ಕೇಳಿದೆ. ಆರನೆಯ ವಾರದಲ್ಲಿ ಕುಂಡದ ತಳದ ತೂತಿನಿಂದ ಬಿಳಿಯ ಎಳೆಯೊಂದು ಇಣುಕಿತು. ಹತ್ತು ಕಡ್ಡಿಗಳಲ್ಲಿ ನಾಲ್ಕು ಬೇರೂರಿದ್ದವು.

ಆಗಲೂ ಆತುರ ಸಲ್ಲದು. ಆವಿಯೊಳಗೆ ಬೆಳೆದ ಎಲೆಗೆ ಹೊರಗಿನ ಒಣಗಾಳಿ ಒಗ್ಗದು. ಚೀಲವನ್ನು ದಿನದಿನಕ್ಕೆ ತುಸು ಹೆಚ್ಚು ಹೊತ್ತು ತೆರೆದಿಡುತ್ತ ವಾರವೊಂದನ್ನು ಕಳೆದು, ಮತ್ತೆ ಎಳೆಬಿಸಿಲಿಗೆ ರೂಢಿಮಾಡಿ, ಅನಂತರವೇ ಗೊಬ್ಬರ ಬೆರೆತ ಮಣ್ಣಿಗೆ ಬದಲಿಸಬೇಕು.

ನಾಲ್ಕೂ ಗಿಡಗಳನ್ನು ನನ್ನಲ್ಲೇ ಇಟ್ಟುಕೊಳ್ಳುವ ಆಸೆಯಾಯಿತು. ಆಗ ಐರ್ಲೆಂಡಿನ ನೆನಪು ಬಂದಿತು. ಅಲ್ಲಿಯ ಬಡವರು ಹೆಚ್ಚಾಗಿ ಒಂದೇ ತಳಿಯ ಆಲೂಗೆಡ್ಡೆಯನ್ನು ಗೆಡ್ಡೆಯಿಂದಲೇ ಬೆಳೆಯುತ್ತ ಬಂದಿದ್ದರು. 1845ರಲ್ಲಿ ಅಂಗಮಾರಿ ರೋಗ ತಗುಲಿದಾಗ, ಅದನ್ನು ತಡೆಯುವ ಗುಣ ಒಂದರಲ್ಲಿ ಇಲ್ಲವೆಂದರೆ ಯಾವುದರಲ್ಲಿಯೂ ಇರಲಿಲ್ಲ. ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ತಾಯಿಯನ್ನು ಹಾಗೆಯೇ ಉಳಿಸಿಕೊಳ್ಳುವವರು ತಾಯಿಯ ದೌರ್ಬಲ್ಯವನ್ನೂ ಉಳಿಸಿಕೊಳ್ಳುತ್ತಾರೆ. ಅದಕ್ಕೆ ಪರಿಹಾರವೆಂದರೆ ಪಕ್ಕದಲ್ಲಿ ಬೇರೆ ಗಿಡಗಳನ್ನೂ ಬೆಳೆಸುವುದು, ಇದನ್ನು ಹಲವು ಮನೆಗಳಿಗೆ ಹಂಚುವುದು.

ಒಂದು ನನಗೆ, ಒಂದು ತಂಗಿಗೆ, ಒಂದು ಆ ಹಿರಿಯರಿಗೆ. ನಾಲ್ಕನೆಯದನ್ನು ಎತ್ತಿಕೊಂಡು, ಎರಡು ವರ್ಷ ಮೆಟ್ಟದಿದ್ದ ತಮ್ಮನ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವನು ನನ್ನ ಮುಖ ನೋಡಲಿಲ್ಲ, ಕುಂಡವನ್ನು ನೋಡಿದ. “ಬಾವಿಕಟ್ಟೆಯದಾ?” ಎಂದ. ಹೌದೆಂದೆ. ಕೈ ಚಾಚಿ ತೆಗೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಎಲ್ಲಿಡಬೇಕು ಅಣ್ಣ?” ಎಂದು ಕೇಳಿದ.

ಬೆಳಗಿನ ಬಿಸಿಲು ಬೀಳುವ ಕಡೆ, ನೀರು ನಿಲ್ಲದ ಹಾಗೆ ಎಂದು ಹೇಳಿದೆ. ತಮ್ಮಲ್ಲಿ ಯಾರ ಹಿತ್ತಿಲಿನಲ್ಲಾದರೂ ಹಿರಿಯರು ನೆಟ್ಟ ಗಿಡವಿದ್ದರೆ, ಮುಂಗಾರಿನ ಮೋಡ ಕವಿದ ಒಂದು ಬೆಳಗ್ಗೆ ಹತ್ತು ಕಡ್ಡಿ ಕೊಯ್ಯಿರಿ. ಎಲ್ಲವೂ ಬದುಕುವುದಿಲ್ಲ. ಬದುಕಿದುದರಲ್ಲಿ ಒಂದನ್ನು ಮತ್ತೊಂದು ಮನೆಗೆ ಕೊಡಿ.