'ಸಿಗಲಿಲ್ಲ' ಅಂದರೆ 'ಇಲ್ಲ' ಅಂತಲ್ಲ: ಕನ್ನಡದಲ್ಲಿ ಸಂಶೋಧನೆ ಮಾಡುವವರ ಇಂಟರ್ನೆಟ್ ಪಾಡು

ನನ್ನ ಪಿಎಚ್‌ಡಿ ಪ್ರಸ್ತಾವನೆಯ ಎರಡನೇ ಪುಟದಲ್ಲಿ ಒಂದು ವಾಕ್ಯ ಇತ್ತು: "ಈ ವಿಷಯದ ಕುರಿತು ಕನ್ನಡದಲ್ಲಿ ಇದುವರೆಗೆ ಗಂಭೀರ ಅಧ್ಯಯನ ನಡೆದಿಲ್ಲ." ಸಂಶೋಧನೆ ಮಾಡಿದವರಿಗೆಲ್ಲ ಗೊತ್ತಿರೋ ವಾಕ್ಯ ಇದು. ನಮ್ಮ ಹಿರಿಯರು ಬರೆದಿದ್ದರು, ನಾವೂ ಬರೀತೀವಿ, ಮಾರ್ಗದರ್ಶಕರು ತಲೆಯಾಡಿಸ್ತಾರೆ. ನಾನು ಸುಮ್ಮನೆ ಬರೆದಿರಲಿಲ್ಲ. ಎರಡು ವಾರ ಕೂತು ಗೂಗಲ್, ಗೂಗಲ್ ಸ್ಕಾಲರ್, ನಮ್ಮ ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರ ಎಲ್ಲ ಕಡೆ ಹುಡುಕಿಯೇ ಬರೆದಿದ್ದೆ.

ವಿಷಯ 1974ರ ಭೂಸುಧಾರಣೆ. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಆ ವರ್ಷದ ಮಾರ್ಚ್ 1ಕ್ಕೆ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ತಾಲೂಕಿನ ಭೂನ್ಯಾಯ ಮಂಡಳಿ ಮುಂದೆ ನಿಂತರು. ಅದೇ ಹೊಲದಲ್ಲಿ ಕೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಈ ಕಾನೂನಿನಿಂದ ಏನಾಯ್ತು ಅನ್ನೋದು ನನ್ನ ಪ್ರಶ್ನೆ. ನಮ್ಮಜ್ಜಿಯೂ ಅಂಥ ಕೂಲಿಯಾಳಾಗಿದ್ದವಳು. ಹಾಗಾಗಿ ಈ ಪ್ರಶ್ನೆ ಕೇಳ್ತಿರೋಳು ನಾನೇ ಮೊದಲು ಅನ್ನೋದು ಒಳಗೊಳಗೆ ಒಂಚೂರು ಹೆಮ್ಮೆಯನ್ನೂ ಕೊಟ್ಟಿತ್ತು.

ಎರಡನೇ ವರ್ಷ ಬೇರೇನೋ ಹುಡುಕೋಕೆ ಅಂತ ವಿಭಾಗದ ಕಬ್ಬಿಣದ ಬೀರು ತೆಗೆಸಿದೆ. ಅಲ್ಲಿ 2010ರಲ್ಲಿ ಸಲ್ಲಿಸಿದ ಒಂದು ಮಹಾಪ್ರಬಂಧ ಇತ್ತು. ನಮ್ಮದೇ ಸೀಮೆ, ಹೆಚ್ಚು ಕಡಿಮೆ ನನ್ನದೇ ಪ್ರಶ್ನೆ. ಅರವತ್ತು ಜನ ಹೆಣ್ಣುಮಕ್ಕಳನ್ನು ಮಾತಾಡಿಸಿ ಬರೆದದ್ದು. ಅವರಲ್ಲಿ ಎಷ್ಟೋ ಮಂದಿ ಈಗ ಬದುಕಿಲ್ಲ, ಇನ್ಯಾರೂ ಹೋಗಿ ಮತ್ತೆ ಕೇಳೋ ಹಾಗಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಆ ಪ್ರಬಂಧದ ಪಿಡಿಎಫ್ ನಾನು ಹುಡುಕಿದ ಅದೇ ಡಿಜಿಟಲ್ ಭಂಡಾರದಲ್ಲಿ ವರ್ಷಗಳಿಂದ ಬಿದ್ದಿತ್ತು.

ಹಾಗಾದ್ರೆ ನನಗೆ ಯಾಕೆ ಸಿಗಲಿಲ್ಲ?

ಪಿಡಿಎಫ್ ತೆರೆದು 'ಕನ್ನಡ' ಅನ್ನೋ ಪದವನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿದೆ. ಬಂದದ್ದು ಕನ್ನಡ ಅಲ್ಲ. ಇಂಗ್ಲಿಷಿನ ಪಿ, ಒಂದು ಪೌಂಡಿನ ಗುರುತು, ಒಂದು ಕ್ಯೂ, ನಡುನಡುವೆ ತಲೆ ಮೇಲೆ ಗೆರೆ ಹೊತ್ತ ಎ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತ ಕಂಪ್ಯೂಟರಿನ ಹೊಟ್ಟೆಯಲ್ಲಿ ಹೀಗೇ ಇರುತ್ತೆ. ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಫಾಂಟ್ ಅದರ ಮೇಲೆ ಕನ್ನಡದ ಆಕಾರ ಬರೆಯುತ್ತೆ ಅಷ್ಟೆ. ನಮ್ಮ ಕಣ್ಣಿಗೆ ಅದು ಕನ್ನಡ, ಸರ್ಚ್ ಎಂಜಿನ್‌ಗೆ ಕಸ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ, ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ. ಆದರೆ ಡಿಟಿಪಿ ಅಂಗಡಿ, ಪ್ರೆಸ್ಸು, ಕಚೇರಿಗಳ ರೂಢಿ ಅಷ್ಟು ಬೇಗ ಬದಲಾಗಲಿಲ್ಲ. ವರ್ಷಗಟ್ಟಲೆ ಕನ್ನಡದ ಪ್ರಬಂಧ, ವರದಿ, ಪತ್ರಿಕೆಗಳೆಲ್ಲ ಆ ಹಳೆ ಫಾಂಟುಗಳಲ್ಲೇ ತಯಾರಾದವು.

ಇದು ಬರೀ ತಾಂತ್ರಿಕ ತೊಡಕು ಅಂತ ನನಗೆ ಅನಿಸೋದಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲಿ ಪಿಎಚ್‌ಡಿ ಬರೆಯೋರು ಯಾರು? ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು, ಹಳ್ಳಿಯವರು, ದಲಿತ, ಹಿಂದುಳಿದ, ಮುಸ್ಲಿಂ ಹುಡುಗ ಹುಡುಗಿಯರು ಅದರಲ್ಲಿ ಎಷ್ಟೋ ಮಂದಿ. ಅವರು ತಮ್ಮ ಊರಿನ ಬಗ್ಗೆ ಬರೆದದ್ದು ಹುಡುಕಾಟಕ್ಕೆ ಸಿಗೋದಿಲ್ಲ. ಅದೇ ಊರಿಗೆ ಎರಡು ವಾರ ಬಂದುಹೋಗಿ ಇಂಗ್ಲಿಷಿನಲ್ಲಿ ಬರೆದವರ ಲೇಖನ ಮೊದಲ ಪುಟದಲ್ಲೇ ಸಿಗುತ್ತೆ. ನಾನು ಹದಿನೈದು ಇಂಗ್ಲಿಷ್ ಲೇಖನ ಉಲ್ಲೇಖಿಸಿ, ಈ ಹೆಣ್ಣುಮಗಳು ಮೂರ್ನಾಲ್ಕು ವರ್ಷ ಮಣ್ಣು ಹೊತ್ತ ಕೆಲಸವನ್ನು ಒಂದು ವಾಕ್ಯದಲ್ಲಿ ಅಳಿಸಿಬಿಟ್ಟಿದ್ದೆ.

ಅಂದಿನಿಂದ ಹುಡುಕೋ ರೀತಿ ಬದಲಾಯಿಸಿದೆ. ಕೇಳಿದ ತಮ್ಮಂದಿರು ತಂಗಿಯರಿಗೆಲ್ಲ ಫೋನಿನಲ್ಲಿ ಇದನ್ನೇ ಹೇಳ್ತಾ ಬಂದಿದ್ದೀನಿ, ಈಗ ಇಲ್ಲಿ ಬರೀತಿದ್ದೀನಿ.

ದೇಶದ ಪಿಎಚ್‌ಡಿ ಪ್ರಬಂಧಗಳ ದೊಡ್ಡ ಭಂಡಾರ ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸೋದು, ಉಚಿತ. ಪ್ರಬಂಧಗಳ ಡಿಜಿಟಲ್ ಪ್ರತಿ ಕೊಡಬೇಕು ಅನ್ನೋದನ್ನ ಯುಜಿಸಿ 2009ರ ನಿಯಮಾವಳಿಯಲ್ಲೇ ತಂದಿತು. ಇಂಥ ಭಂಡಾರಗಳಲ್ಲಿ ಹುಡುಕಾಟಕ್ಕೆ ಮೊದಲು ಸಿಗೋದು ಪ್ರಬಂಧದ ಒಳಗಿನ ಪಠ್ಯ ಅಲ್ಲ, ಅದರ ಮೇಲೆ ಅಂಟಿಸಿದ ಚೀಟಿ. ಶೀರ್ಷಿಕೆ, ಹೆಸರು, ಮಾರ್ಗದರ್ಶಕರು, ವಿಭಾಗ, ವರ್ಷ. ಕನ್ನಡ ಪ್ರಬಂಧದ ಶೀರ್ಷಿಕೆಯನ್ನು ಎಷ್ಟೋ ಸಲ ಇಂಗ್ಲಿಷ್ ಲಿಪಿಯಲ್ಲಿ ಬರೆದಿರ್ತಾರೆ, ಅದೂ ಬಾಯಿಗೆ ಬಂದ ಹಾಗೆ. 'ಭೂ' ಅನ್ನೋದಕ್ಕೆ ಒಬ್ಬರು ಯು, ಇನ್ನೊಬ್ಬರು ಎರಡು ಒ, ಮತ್ತೊಬ್ಬರು 'ಸುಧಾರಣೆ'ಯ ಜೊತೆ ಸೇರಿಸಿ ಒಂದೇ ಪದ. ಹಾಗಾಗಿ ಪದದ ಬೆನ್ನು ಬೀಳಬೇಡಿ. ವಿಶ್ವವಿದ್ಯಾಲಯ, ವಿಭಾಗ ಆರಿಸಿಕೊಂಡು ಪಟ್ಟಿಯನ್ನೇ ಮೇಲಿನಿಂದ ಕೆಳಗೆ ಓದಿ. ಜಿಲ್ಲೆಯ ಹೆಸರು ಹಾಕಿ ನೋಡಿ. ಮಾರ್ಗದರ್ಶಕರ ಹೆಸರು ಹಾಕಿ. ಒಬ್ಬ ಪ್ರಾಧ್ಯಾಪಕರು ಒಂದೇ ಜಾಡಿನ ನಾಲ್ಕೈದು ಪ್ರಬಂಧ ಮಾಡಿಸಿರೋದು ಸಾಮಾನ್ಯ. ಬೇಜಾರಿನ ಕೆಲಸ ಹೌದು. ನನಗೆ ಒಂದು ಮಧ್ಯಾಹ್ನದಲ್ಲಿ ಇನ್ನೂ ಮೂರು ಪ್ರಬಂಧ ಸಿಕ್ಕಿದ್ದು ಹೀಗೇ.

ಹಳೆ ಫಾಂಟಿನ ಪಿಡಿಎಫ್ ಒಳಗೆ ಪದ ಹುಡುಕಬೇಕಾ? ಯೂನಿಕೋಡನ್ನು ನುಡಿಗೆ, ನುಡಿಯನ್ನು ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಮಾಡಿಟ್ಟಿದ್ದಾರೆ. ನಿಮ್ಮ ಪದವನ್ನು ಅದರಲ್ಲಿ 'ಕಸ' ಮಾಡಿಕೊಂಡು, ಆ ಕಸವನ್ನೇ ಪಿಡಿಎಫ್‌ನ ಹುಡುಕು ಪೆಟ್ಟಿಗೆಗೆ ಹಾಕಿ. ಸಿಗುತ್ತೆ! ಸ್ಕ್ಯಾನ್ ಮಾಡಿದ ಪುಟ ಆಗಿದ್ದರೆ ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತೆ. ಒತ್ತಕ್ಷರಗಳು ಕೈಕೊಡ್ತವೆ, ಸಾಲು ಸಾಲು ತಿದ್ದಬೇಕು, ಆದರೂ ಬೆರಳಚ್ಚು ಮಾಡೋದಕ್ಕಿಂತ ವಾಸಿ. ಹಳೆ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ನೋಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಅಲ್ಲಿವೆ, ಆದರೆ ಹೆಸರುಗಳೆಲ್ಲ ಇಂಗ್ಲಿಷ್ ಲಿಪಿಯಲ್ಲಿ ಗುರುತೇ ಸಿಗದ ಹಾಗೆ. ಸಂಚಯ ತಂಡದವರ 'ಪುಸ್ತಕ ಸಂಚಯ'ದಿಂದ ಅವನ್ನು ಕನ್ನಡದಲ್ಲೇ ಹುಡುಕೋಕೆ ಆಗುತ್ತೆ. ಸರ್ಕಾರ ಮಾಡಬೇಕಿದ್ದ ಕೆಲಸ ಇದು ಅಂತ ನೆನೆಸಿಕೊಂಡಾಗಲೆಲ್ಲ ಸಿಟ್ಟು ಬರುತ್ತೆ.

ಇನ್ನು ಇಂಗ್ಲಿಷ್ ಲೇಖನಗಳ ಕತೆಯೇ ಬೇರೆ. ಅವು ಸಿಗ್ತವೆ, ಆದರೆ ತೆರೆಯೋದಿಲ್ಲ. ಒಂದು ಲೇಖನ ಓದೋಕೆ ಮೂವತ್ತು ನಲವತ್ತು ಡಾಲರ್ ಕೇಳ್ತಾರೆ, ನನ್ನ ತಿಂಗಳ ಮೆಸ್ ಬಿಲ್ಲು ಹತ್ತಿರ ಹತ್ತಿರ ಅಷ್ಟೇ. ಬರೆದವರಿಗೆ ಅದರಲ್ಲಿ ಬಿಡಿಗಾಸೂ ಹೋಗಲ್ಲ, ಲೇಖನವನ್ನು ಪರಿಶೀಲಿಸಿದ ಪ್ರಾಧ್ಯಾಪಕರಿಗೂ ಸಾಮಾನ್ಯವಾಗಿ ಇಲ್ಲ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ 'ಒಂದು ದೇಶ, ಒಂದು ಚಂದಾ' ಯೋಜನೆ ಒಪ್ಪಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ನಿಮ್ಮದು ಸರ್ಕಾರಿ ಕಾಲೇಜಾಗಿದ್ದರೆ ಮೊದಲು ಗ್ರಂಥಪಾಲಕರ ಹತ್ತಿರ ಹೋಗಿ ಲಾಗಿನ್ ಕೇಳಿ. ಎಷ್ಟೋ ಕಡೆ ಸೌಲಭ್ಯ ಇದ್ದರೂ ಹುಡುಗರಿಗೆ ಗೊತ್ತಿಲ್ಲ. ಯೋಜನೆ ಬಂದದ್ದು ಒಳ್ಳೇದೇ. ಆದರೆ ಇದು ಸಂಸ್ಥೆಯ ಮೂಲಕ ಸಿಗೋ ಪ್ರವೇಶ. ಪಿಎಚ್‌ಡಿ ಮುಗಿಸಿ ಕೆಲಸ ಇಲ್ಲದೆ ಮನೆಯಲ್ಲಿ ಕೂತವರು, ಊರಲ್ಲಿ ಹೋರಾಟ ಮಾಡ್ತಾ ದಾಖಲೆ ಹುಡುಕೋರು, ಸ್ವತಂತ್ರ ಪತ್ರಕರ್ತರು ಇದರ ಹೊರಗೇ ಉಳೀತಾರೆ. ಭೂಸುಧಾರಣೆ ಬಗೆಗಿನ ಸಂಶೋಧನೆ ಅಂಥವರಿಗೆ ಬೇಡದೆ ಇನ್ಯಾರಿಗೆ ಬೇಕು ಹೇಳಿ.

ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ವಿದ್ಯಾರ್ಥಿಗಳ ಪರ ನಿಂತಿತ್ತು. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಶುರು ಮಾಡಿದ ಸೈ-ಹಬ್ ಮೇಲಿನ ಮೊಕದ್ದಮೆ 2020ರ ಕೊನೆಗೆ ಅದೇ ಕೋರ್ಟಿಗೆ ಬಂತು, 2025ರ ಆಗಸ್ಟ್‌ನಲ್ಲಿ ಆ ತಾಣವನ್ನು ಭಾರತದಲ್ಲಿ ತಡೆಹಿಡಿಯಲು ಆದೇಶವಾಯ್ತು. ಹಾಗಾಗಿ ಕಾನೂನಿನೊಳಗಿನ ದಾರಿಗಳನ್ನಾದರೂ ಪೂರ್ತಿ ಬಳಸಬೇಕು. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗೆ ಇರೋ 'ಎಲ್ಲ ಆವೃತ್ತಿಗಳು' ಒತ್ತಿ, ಲೇಖಕರು ಎಲ್ಲೋ ಉಚಿತ ಪ್ರತಿ ಇಟ್ಟಿರ್ತಾರೆ. ಅನ್‌ಪೇವಾಲ್ ಅನ್ನೋ ಪುಟ್ಟ ಉಪಕರಣ ಬ್ರೌಸರ್‌ಗೆ ಸೇರಿಸಿದರೆ ಕಾನೂನುಬದ್ಧ ಉಚಿತ ಪ್ರತಿ ಇದ್ದಲ್ಲಿಗೆ ಅದೇ ಕರೆದೊಯ್ಯುತ್ತೆ. ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ 30 ದಿನಕ್ಕೆ 100 ಲೇಖನದವರೆಗೆ ಆನ್‌ಲೈನ್‌ನಲ್ಲೇ ಓದಬಹುದು. ಏನೂ ಆಗಲಿಲ್ಲ ಅಂದ್ರೆ ಲೇಖಕರಿಗೇ ಎರಡು ಸಾಲು ಮೇಲ್ ಹಾಕಿ. ನಾನು ಕೇಳಿದ ಹತ್ತರಲ್ಲಿ ಏಳು ಮಂದಿ ಕಳಿಸಿದ್ರು. ಒಬ್ಬರು ತಮ್ಮ ಹಳೇ ಕ್ಷೇತ್ರಕಾರ್ಯದ ಟಿಪ್ಪಣಿಯನ್ನೂ ಕಳಿಸಿದ್ರು.

ಸಿಕ್ಕಿದ್ದನ್ನು ಎಲ್ಲಿಡೋದು? ಮೊದಲ ವರ್ಷ ನನ್ನ ಡೌನ್‌ಲೋಡ್ ಫೋಲ್ಡರ್ ಸಂತೆಯಾಗಿತ್ತು. ಈಗ ಜೊಟೆರೊ ಬಳಸ್ತೀನಿ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ, ದುಡ್ಡಿಲ್ಲ. ಬ್ರೌಸರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಲೇಖನದ ವಿವರ ಎಲ್ಲ ಬಂದು ಕೂರುತ್ತೆ, ಗ್ರಂಥಸೂಚಿಯನ್ನು ಅದೇ ಜೋಡಿಸುತ್ತೆ. ಒಂದು ತಲೆನೋವು ಮಾತ್ರ ನಮ್ಮ ಹೆಸರುಗಳದ್ದು. ಅದು ಮೊದಲ ಹೆಸರು, ಕೊನೆ ಹೆಸರು ಕೇಳುತ್ತೆ. ಡಿ.ಆರ್. ನಾಗರಾಜ್ ಅವರಿಗೆ ಯಾವುದು ಕೊನೆ ಹೆಸರು? ಅಲ್ಲಿ ಹೆಸರಿಗೆ ಒಂದೇ ಖಾನೆ ಮಾಡಿಕೊಳ್ಳೋ ಆಯ್ಕೆ ಇದೆ, ಕನ್ನಡದ ಲೇಖಕರಿಗೆ ನಾನು ಅದನ್ನೇ ಬಳಸೋದು. ಸರ್ಕಾರಿ ಜಾಲತಾಣದಿಂದ ಏನಾದರೂ ಉಲ್ಲೇಖಿಸಿದರೆ ಅವತ್ತೇ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟ ಉಳಿಸಿಬಿಡಿ. ನಾನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದ ನಾಲ್ಕು ಕೊಂಡಿಗಳು ಪ್ರಬಂಧ ಮುಗಿಯೋ ಹೊತ್ತಿಗೆ ಸತ್ತಿದ್ದವು.

ಎಐ ಬಗ್ಗೆ ಎಲ್ಲರೂ ಕೇಳ್ತಾರೆ. ನಾನೂ ಒಂದನ್ನು ಕೇಳಿದ್ದೆ, ಭೂಸುಧಾರಣೆ ಮತ್ತು ಮಹಿಳೆಯರ ಬಗ್ಗೆ ಕನ್ನಡದ ಐದು ಪುಸ್ತಕ ಹೇಳು ಅಂತ. ಐದೂ ಹೇಳಿತು, ಮೂರು ಭೂಮಿ ಮೇಲೇ ಇಲ್ಲ. ಒಂದಕ್ಕೆ ಪುಟಸಂಖ್ಯೆ ಬೇರೆ! 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೇ ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು. ಕನ್ನಡದ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ನಿಜವಾದ ಪುಸ್ತಕವೇ ಹುಡುಕಾಟಕ್ಕೆ ಸಿಗದಿದ್ದಾಗ, ಸುಳ್ಳು ಪುಸ್ತಕ ಸುಳ್ಳು ಅಂತ ಪತ್ತೆ ಮಾಡೋದು ಹೇಗೆ? ಕೈಯಲ್ಲಿ ಹಿಡಿದು ನೋಡದ್ದನ್ನ ನಾನೀಗ ಉಲ್ಲೇಖಿಸಲ್ಲ. ಸಂದರ್ಶನದ ಆಡಿಯೋವನ್ನಂತೂ ಯಾವ ಉಚಿತ ಉಪಕರಣಕ್ಕೂ ಏರಿಸೋದಿಲ್ಲ. ನನ್ನ ಮುಂದೆ ಕೂತು ಊರ ಗೌಡರ ಹೆಸರು ಹೇಳಿದ ಅಜ್ಜಿ ಅದನ್ನ ನನ್ನ ನಂಬಿ ಹೇಳಿದ್ದು, ಯಾವುದೋ ಕಂಪನಿಯ ಸರ್ವರ್ ನಂಬಿ ಅಲ್ಲ.

2010ರ ಆ ಪ್ರಬಂಧ ಬರೆದವರನ್ನು ಹುಡುಕಿ ಫೋನ್ ಮಾಡಿದೆ. ಅತಿಥಿ ಉಪನ್ಯಾಸಕಿಯಾಗಿದ್ದಾರೆ. "ಮೇಡಂ, ನಿಮ್ಮ ಥೀಸಿಸ್ ಓದಿದೆ" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ತಂಗಿ, ಅದು ಇನ್ನೂ ಐತೇನು?" ಅಂದ್ರು. ಅವರ ಒಪ್ಪಿಗೆ ತಗೊಂಡು ಶೀರ್ಷಿಕೆ, ಸಾರಾಂಶ, ಪರಿವಿಡಿ ಮೂರನ್ನೂ ಯೂನಿಕೋಡಿಗೆ ತಂದು, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸೇರಿಸಿ ಭಂಡಾರ ನೋಡಿಕೊಳ್ಳೋರಿಗೆ ಕೊಟ್ಟೆ. ಮೂರು ಸಲ ಓಡಾಡಿದ ಮೇಲೆ ಹಾಕಿದರು. ಈಗ 'ಭೂಸುಧಾರಣೆ' ಅಂತ ಕನ್ನಡದಲ್ಲಿ ಹುಡುಕಿದರೆ ಅವರ ಹೆಸರು ಬರುತ್ತೆ.

ನನ್ನ ಪ್ರಬಂಧ ಸಲ್ಲಿಸೋ ಹೊತ್ತಿಗೆ ಕಚೇರಿಯಿಂದ ಸೂಚನೆ ಬಂತು: ನುಡಿಯ ಹಳೇ ಫಾಂಟಿನಲ್ಲೇ ಇರಬೇಕು, 14ರ ಅಳತೆ. ವಾದ ಮಾಡಿದೆ, ಪ್ರಯೋಜನ ಆಗಲಿಲ್ಲ. ಹೆಚ್ಚುಕಡಿಮೆ ಅದೇ ಆಕಾರದ ಯೂನಿಕೋಡ್ ಫಾಂಟಿನಲ್ಲಿ ಮುದ್ರಿಸಿ ಬೈಂಡ್ ಮಾಡಿಸಿ ಕೊಟ್ಟೆ, ಸಿಡಿಯಲ್ಲೂ ಅದನ್ನೇ ಹಾಕಿದೆ. ಕಾಗದ ನೋಡಿ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ, ಸೀಲು ಬಿತ್ತು. ಎರಡನೇ ಪುಟದ ಆ ವಾಕ್ಯ ಇದ್ದ ಜಾಗದಲ್ಲಿ ಈಗ ಆ ಮೇಡಂ ಅವರ ಕೆಲಸದ ಬಗ್ಗೆ ಎರಡೂವರೆ ಪುಟ ಇದೆ.