ಕಲ್ಯಾಣದ ನೆಲದಲ್ಲಿ ತಪಸ್ಸು ಕಾಲ

ಬೀದರ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣದ ಜನರಿಗೆ ಉಪವಾಸ ಹೊಸದಲ್ಲ. ಶಿವರಾತ್ರಿಯ ಜಾಗರಣೆ, ಶ್ರಾವಣದ ಸೋಮವಾರಗಳು, ರಂಜಾನಿನ ರೋಜಾ ಇಲ್ಲಿನ ಓಣಿಗಳಿಗೆ ಚಿರಪರಿಚಿತ. ಇವುಗಳ ನಡುವೆ ಅಷ್ಟಾಗಿ ಗಮನಕ್ಕೆ ಬಾರದೆ ನಡೆದುಹೋಗುವುದು ಕ್ರೈಸ್ತರ ನಲವತ್ತು ದಿನಗಳ ವ್ರತ. ಕನ್ನಡ ಕಥೋಲಿಕರು ಇದನ್ನು ತಪಸ್ಸು ಕಾಲ ಎನ್ನುತ್ತಾರೆ. 2025ರಲ್ಲಿ ಫೆಬ್ರುವರಿ 26ರಂದು ಶಿವರಾತ್ರಿ, ಮಾರ್ಚ್ 2ರಂದು ಮೊದಲ ರೋಜಾ, ಮಾರ್ಚ್ 5ರಂದು ತಪಸ್ಸು ಕಾಲದ ಆರಂಭ. ಹೀಗೆ ಮೂರೂ ಎಂಟೇ ದಿನಗಳಲ್ಲಿ ಕೂಡಿ ಬಂದಿದ್ದವು.

ಈ ವ್ರತದ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದಕ್ಕೆ ಚಂದ್ರನೇ ಕಾರಣ. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರವೇ ಪಾಸ್ಕ, ಅಂದರೆ ಈಸ್ಟರ್ ಹಬ್ಬ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವ್ರತದ ಮೊದಲ ದಿನವಾದ ಬುಧವಾರ ಸಿಗುತ್ತದೆ. ಇದರಲ್ಲಿ ಆರು ಭಾನುವಾರಗಳನ್ನು ಬಿಟ್ಟರೆ ಉಳಿಯುವುದು ನಲವತ್ತು. ಯೇಸು ಅರಣ್ಯದಲ್ಲಿ ಉಪವಾಸವಿದ್ದ ನಲವತ್ತು ದಿನಗಳ ನೆನಪು ಇದು.

ಆ ಮೊದಲ ದಿನಕ್ಕೆ ಕನ್ನಡದಲ್ಲಿ ವಿಭೂತಿ ಬುಧವಾರ ಎಂಬ ಹೆಸರೂ ಇದೆ. ಶರಣರ ನಾಡಿನಲ್ಲಿ ಈ ಪದ ಯಾರಿಗೂ ಅಪರಿಚಿತವಲ್ಲ. ಆದರೆ ಅರ್ಥ ಬೇರೆ. ಲಿಂಗಾಯತರಿಗೆ ವಿಭೂತಿ ಅಷ್ಟಾವರಣಗಳಲ್ಲೊಂದು, ನಿತ್ಯ ಧರಿಸುವಂಥದು. ಕಥೋಲಿಕರ ಹಣೆಗೆ ಬೂದಿ ಬೀಳುವುದು ವರ್ಷಕ್ಕೊಮ್ಮೆ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಈ ಬೂದಿ ಮಾಡುತ್ತಾರೆ. ಮನುಷ್ಯ ಮಣ್ಣಿಗೆ ಮರಳುವವನೆಂಬುದನ್ನು ನೆನಪಿಸುವ, ಪಶ್ಚಾತ್ತಾಪಕ್ಕೆ ಕರೆಯುವ ಗುರುತು ಅದು. ಅಂದಿನಿಂದ ಗುರುಗಳ ಪೂಜಾವಸ್ತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ‘ಅಲ್ಲೆಲೂಯ’ ಗಾನ ನಿಲ್ಲುತ್ತದೆ. ಶುಕ್ರವಾರಗಳಂದು ಹದಿನಾಲ್ಕು ಸ್ಥಳಗಳ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತದೆ.

ಇಷ್ಟಾದರೂ ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಂದ 60ನೇ ವರ್ಷಕ್ಕೆ ಕಾಲಿಡುವವರೆಗಿನವರು ಅಂದು ಒಂದು ಹೊತ್ತು ಪೂರ್ಣ ಊಟ, ಉಳಿದ ಎರಡು ಹೊತ್ತು ಅಲ್ಪಾಹಾರ ಮಾಡಬೇಕು. 14 ತುಂಬಿದವರು ಈ ಎರಡು ದಿನ ಮತ್ತು ಉಳಿದ ಶುಕ್ರವಾರಗಳಂದು ಮಾಂಸ ತ್ಯಜಿಸಬೇಕು. ಕಾಯಿಲೆಯವರಿಗೆ, ಗರ್ಭಿಣಿಯರಿಗೆ, ಮೈಮುರಿದು ದುಡಿಯುವವರಿಗೆ ವಿನಾಯಿತಿ ಉಂಟು.

ಈ ಕೊನೆಯ ವಿನಾಯಿತಿ ಇಲ್ಲಿ ಬರಿಯ ಕಾನೂನಿನ ಮಾತಲ್ಲ. ವ್ರತ ಬರುವುದು ಹಿಂಗಾರಿ ಜೋಳದ ಸುಗ್ಗಿ ಮುಗಿಯುವ, ಬಿಸಿಲೇರುವ ದಿನಗಳಲ್ಲಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯೇ ದಿನದ ಊಟವಾಗಿ, ಮಾಂಸ ಎಂದೋ ಒಮ್ಮೆ ಕಾಣುವ ಕೂಲಿಯವರಿಗೆ ಮಾಂಸ ಬಿಡಿ ಎಂದರೆ ಏನರ್ಥ? ಈ ಪ್ರಶ್ನೆಗೆ ಉತ್ತರ ವ್ರತದ ಒಳಗೇ ಇದೆ. ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ಕೂಡಿದರಷ್ಟೇ ತಪಸ್ಸು. ಹಸಿದವನೊಂದಿಗೆ ರೊಟ್ಟಿ ಹಂಚಿಕೊಳ್ಳದ ಉಪವಾಸ ದೇವರಿಗೆ ಬೇಡವೆಂದು ಯೆಶಾಯ ಪ್ರವಾದಿಯ ಗ್ರಂಥದ 58ನೇ ಅಧ್ಯಾಯ ನಿಷ್ಠುರವಾಗಿ ಹೇಳುತ್ತದೆ. ಕುಡಿತ ಬಿಡುವುದು, ಮಾತು ಬಿಟ್ಟವರೊಡನೆ ರಾಜಿಯಾಗುವುದು, ಉಳಿಸಿದ ಹಣವನ್ನು ಬಡವರಿಗೆ ಕೊಡುವುದು ಕೂಡ ವ್ರತವೇ. 1962ರಲ್ಲಿ ಆರಂಭವಾದ ಕ್ಯಾರಿಟಾಸ್ ಇಂಡಿಯಾ ಸಂಸ್ಥೆ ಹಸಿವು, ರೋಗಗಳ ವಿರುದ್ಧ ವಂತಿಗೆ ಕೂಡಿಸುವುದೂ ಈ ಕಾಲದಲ್ಲಿಯೇ.

ಬೀದರ ಜಿಲ್ಲೆ 2005ರಲ್ಲಿ ರಚನೆಯಾದ ಗುಲಬರ್ಗಾ ಕಥೋಲಿಕ ಧರ್ಮಪ್ರಾಂತ್ಯಕ್ಕೆ ಸೇರಿದೆ. ಆದರೆ ಇಲ್ಲಿನ ಕ್ರೈಸ್ತರೆಲ್ಲ ಕಥೋಲಿಕರಲ್ಲ. ನಿಜಾಮರ ಆಳ್ವಿಕೆಯಲ್ಲೇ ಬೇರೂರಿದ ಮೆಥೋಡಿಸ್ಟ್ ಸಭೆ ಇಲ್ಲಿ ದೊಡ್ಡದು. ಅವರಲ್ಲಿ ಉಪವಾಸಕ್ಕೆ ಇಂಥ ಕಟ್ಟುಪಾಡಿಲ್ಲ. ಅದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೂ ಈ ಪಂಥದ ಮೂಲಪುರುಷ ಜಾನ್ ವೆಸ್ಲಿ ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಿದ್ದವರು.

ಬಸವಕಲ್ಯಾಣದ ಹೆಸರಿನೊಂದಿಗೆ ಕಾಯಕ, ದಾಸೋಹ ಎಂಬ ಮಾತುಗಳು ಬೆಸೆದುಕೊಂಡಿವೆ. ಬರಿಯ ಬಾಹ್ಯಾಚಾರವನ್ನು ಹನ್ನೆರಡನೆಯ ಶತಮಾನದ ಶರಣರು ಪ್ರಶ್ನಿಸಿದರು. ತಪಸ್ಸು ಕಾಲದ ಮೂಲ ಬೇರೆ, ದೇವರ ಕಲ್ಪನೆ ಬೇರೆ. ಆದರೆ ತಾನು ಬಿಟ್ಟ ತುತ್ತು ಮತ್ತೊಬ್ಬರ ತಟ್ಟೆ ಮುಟ್ಟಿತೇ ಎಂದು ಕೇಳುವ ಈ ವ್ರತ, ದಾಸೋಹ ಬಲ್ಲ ನೆರೆಯವರಿಗೆ ತೀರ ದೂರದ್ದೇನೂ ಅಲ್ಲ.