ಅರಕಲಗೂಡಿನಿಂದ ದಿಲ್ಲಿಗೆ: ಆಕಾಶಕ್ಕಿಂತ ರಸ್ತೆಯೇ ದೀರ್ಘ

ಬೆಂಗಳೂರಿನಿಂದ ದಿಲ್ಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿ.ಮೀ. ದೂರವಿದೆ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ಎರಡು ಗಂಟೆಗಳಿಗೆ ತುಸು ಹೆಚ್ಚು ಸಾಕು. ಆದರೆ ವೇಳಾಪಟ್ಟಿಗಳು ಎರಡೂಮುಕ್ಕಾಲು ಗಂಟೆಯ ಆಸುಪಾಸಿನ ಅವಧಿ ತೋರಿಸುತ್ತವೆ. ರನ್‌ವೇವರೆಗಿನ ಓಟ, ಮೇಲೇರುವಿಕೆ, ಇಳಿಯುವ ಸರದಿಗಾಗಿ ಕಾಯುವಿಕೆ ಇವೆಲ್ಲ ಅದರಲ್ಲಿ ಸೇರಿವೆ.

ಹಾಸನ ಜಿಲ್ಲೆಯ ಪ್ರಯಾಣಿಕರಿಗೆ ಈ ಲೆಕ್ಕವೂ ಅಪೂರ್ಣವೇ. ಹಾಸನದಿಂದ ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ 200 ಕಿ.ಮೀ.ಗೂ ಅಧಿಕ ದೂರ. ಅರಕಲಗೂಡಿನವರಿಗೆ ಇನ್ನೂ ಸುಮಾರು 30 ಕಿ.ಮೀ. ಹೆಚ್ಚು. ಹೀಗಾಗಿ ರಸ್ತೆಯಲ್ಲಿ ಕಳೆಯುವ ಸಮಯ ಹಾರಾಟದ ಸಮಯವನ್ನು ಮೀರುತ್ತದೆ.

ಹೆದ್ದಾರಿಯಲ್ಲೇ ಇರುವ ಚನ್ನರಾಯಪಟ್ಟಣದವರಿಗೆ ಹಾಸನದವರಿಗಿಂತ ಸುಮಾರು 38 ಕಿ.ಮೀ. ಉಳಿತಾಯ. ಹೊಳೆನರಸೀಪುರದವರು ಹಾಸನಕ್ಕೆ ಬಾರದೆ ನೇರವಾಗಿ ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಸೇರಬಹುದು. ನೆಲಮಂಗಲದಿಂದ ದೊಡ್ಡಬಳ್ಳಾಪುರ ಮಾರ್ಗ ಹಿಡಿದರೆ ಬೆಂಗಳೂರು ನಗರದ ವಾಹನದಟ್ಟಣೆ ತಪ್ಪುತ್ತದೆ. 2008ರ ಮೇ ತಿಂಗಳವರೆಗೆ ಎಚ್‌ಎಎಲ್ ನಿಲ್ದಾಣಕ್ಕಾಗಿ ನಗರವನ್ನು ದಾಟಲೇಬೇಕಿತ್ತು.

2017ರಲ್ಲಿ ಶ್ರವಣಬೆಳಗೊಳ–ಕುಣಿಗಲ್ ರೈಲುಮಾರ್ಗ ಪೂರ್ಣಗೊಂಡ ಬಳಿಕ, ಅರಸೀಕೆರೆಯ ಸುತ್ತು ಇಲ್ಲದೆ ಯಶವಂತಪುರ ತಲುಪಬಹುದು. ಅಲ್ಲಿಂದ ಮುಂದಕ್ಕೆ ಮತ್ತೆ ಪ್ರಯಾಣ ಮುಂದುವರಿಸಬೇಕು.

ಹಾಸನದಲ್ಲೇ ವಿಮಾನ ನಿಲ್ದಾಣ ನಿರ್ಮಿಸುವ ಯೋಜನೆಗೆ 2007ರಲ್ಲಿ ಶಂಕುಸ್ಥಾಪನೆಯಾಗಿ, ಕಾಮಗಾರಿ ವರ್ಷಗಟ್ಟಲೆ ಸ್ಥಗಿತಗೊಂಡಿತ್ತು. ಆದ್ದರಿಂದ ಸಂದರ್ಶನಕ್ಕೋ ಚಿಕಿತ್ಸೆಗೋ ದಿಲ್ಲಿಗೆ ಹೊರಟವರು ಟಿಕೆಟ್‌ನಲ್ಲಿ ಮುದ್ರಿತವಾದ ಅವಧಿಯನ್ನಷ್ಟೇ ನಂಬಬಾರದು. ರಸ್ತೆಗೆ ಐದು ಗಂಟೆ, ತಪಾಸಣೆಗೆ ಎರಡು ಗಂಟೆ ಮೀಸಲಿಟ್ಟರೆ, ಬೆಳಗ್ಗೆ ಆರರ ವಿಮಾನಕ್ಕೆ ಅರಕಲಗೂಡನ್ನು ಹಿಂದಿನ ರಾತ್ರಿ ಹನ್ನೊಂದಕ್ಕೇ ಬಿಡಬೇಕಾಗುತ್ತದೆ.